ಅಡಿಕೆಯ ಹೆಸರಿಟ್ಟುಕೊಂಡ ಊರು: ಅಮ್ಮನ ಜೊತೆ ಪೆನಾಂಗ್‌ಗೆ ಹೋಗುವವರಿಗೆ

ನಾನಿರುವುದು ಮಂಗಳೂರಿನಲ್ಲಿ, ಕದ್ರಿಯ ಹತ್ತಿರ. ಅಮ್ಮ ಇರುವುದು ವಿಟ್ಲದ ಕಡೆ, ನಮ್ಮ ಅಡಿಕೆ ತೋಟದಲ್ಲಿ. ಅವರಿಗೆ 72 ವರ್ಷ. ಎರಡೂ ಮಂಡಿ ನೋವು. ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ವಿಮಾನ ಹತ್ತಿದವರೇ ಅಲ್ಲ. ಅಂಥವರನ್ನು ಮಲೇಷ್ಯಾದ ಪೆನಾಂಗ್‌ಗೆ ಕರೆದುಕೊಂಡು ಹೋಗಿ ನಾಲ್ಕು ದಿನ ಇದ್ದು ಬಂದೆ. ಈಗ ಆಫೀಸಿನಲ್ಲಿ, ಮದುವೆ ಮನೆಗಳಲ್ಲಿ ಎಲ್ಲರೂ ಕೇಳುವುದು ಒಂದೇ: ‘ಅಮ್ಮನನ್ನು ಹೇಗೆ ಕರೆದುಕೊಂಡು ಹೋದೆ? ನಮಗೂ ಹೇಳು.’ ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡುತ್ತೇನೆ.

ಪೆನಾಂಗ್ ಯಾಕೆ ಅಂದರೆ, ಹೆಸರಿಗೋಸ್ಕರ. ಮಲಯ ಭಾಷೆಯಲ್ಲಿ ‘ಪಿನಾಂಗ್’ ಅಂದರೆ ಅಡಿಕೆ. ‘ಪುಲಾವ್ ಪಿನಾಂಗ್’ ಅಂದರೆ ಅಡಿಕೆ ದ್ವೀಪ. ಆ ರಾಜ್ಯದ ಬಾವುಟದ ನಡುವೆ ಇರುವುದೂ ಅಡಿಕೆ ಮರವೇ. ಇದನ್ನು ಹೇಳಿದ ಮೇಲೆಯೇ ಅಮ್ಮ ಪಾಸ್‌ಪೋರ್ಟ್‌ಗೆ ಫೋಟೋ ತೆಗೆಸಲು ಒಪ್ಪಿದ್ದು. ಹಾಗಾಗಿ ನನ್ನ ಮೊದಲ ಸಲಹೆ ಇದೇ. ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಅವರಿಗೆ ಆಗಲೇ ಗೊತ್ತಿರುವ ಒಂದು ವಿಷಯ ಇರುವ ಊರನ್ನು ಆರಿಸಿ. ಸುಮ್ನೆ ಎತ್ತರದ ಕಟ್ಟಡ ತೋರಿಸಲು ಅಷ್ಟು ದೂರ ಹೋಗಬೇಕಾಗಿಲ್ಲ.

ಹೊರಡುವ ಮೊದಲು

ನಾವು ಹೋದದ್ದು ಫೆಬ್ರವರಿ ಕೊನೆಗೆ. ಪೆನಾಂಗ್‌ನಲ್ಲಿ ಜನವರಿ, ಫೆಬ್ರವರಿ ಮಳೆ ಕಡಿಮೆ ಇರುವ ತಿಂಗಳು. ಸೆಪ್ಟೆಂಬರ್, ಅಕ್ಟೋಬರ್ ಬಂದರೆ ಮಳೆ ಜಾಸ್ತಿ. ಸೆಕೆ ಮಾತ್ರ ವರ್ಷವಿಡೀ ನಮ್ಮ ಏಪ್ರಿಲ್‌ನ ಹಾಗೆಯೇ. ಹತ್ತಿ ಬಟ್ಟೆ ಸಾಕು, ಸ್ವೆಟರ್ ವಿಮಾನದ ಒಳಗೆ ಮಾತ್ರ ಬೇಕು. ಚೀನೀ ಹೊಸ ವರ್ಷ ಯಾವಾಗ ಬರುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ. ಆ ದಿನಗಳಲ್ಲಿ ಅನೇಕ ಅಂಗಡಿ ಮುಚ್ಚಿರುತ್ತವೆ. ತೈಪೂಸಂ ದಿನ ಹೋದರೆ ಊರಿಡೀ ಜಾತ್ರೆ. ಮುರುಗನ ರಥದ ಮುಂದೆ ರಸ್ತೆಯಲ್ಲಿ ರಾಶಿ ರಾಶಿ ತೆಂಗಿನಕಾಯಿ ಒಡೆಯುತ್ತಾರೆ. ನೋಡುವ ಆಸೆ ಇದ್ದರೆ ಹೋಗಿ. ಮಂಡಿ ನೋವಿನವರಿಗೆ ಆ ಜನಜಂಗುಳಿ ಬೇಡ.

ನಾವು ಹೋದಾಗ ಭಾರತದವರಿಗೆ 30 ದಿನಕ್ಕೆ ವೀಸಾ ಬೇಕಾಗಿರಲಿಲ್ಲ. ಈ ಸೌಲಭ್ಯ 2023ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಟಿಕೆಟ್ ಮಾಡುವ ಮೊದಲು ಈಗಿನ ನಿಯಮವನ್ನು ಮಲೇಷ್ಯಾ ಸರಕಾರದ ಜಾಲತಾಣದಲ್ಲೇ ನೋಡಿ. ಇನ್ನೊಂದು, ಡಿಜಿಟಲ್ ಅರೈವಲ್ ಕಾರ್ಡ್ ಅಂತ ಉಂಟು. ಅಲ್ಲಿಗೆ ಮುಟ್ಟುವ ಮೊದಲಿನ ಮೂರು ದಿನದ ಒಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ಪುಟ ತೆರೆದರೆ ಅದು ಸರಕಾರದ್ದಲ್ಲ ಅಂತ ತಿಳಿಯಿರಿ.

ಮಂಗಳೂರಿನಿಂದ ನೇರ ವಿಮಾನ ಇಲ್ಲ. ನಾವು ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಹೋದೆವು, ಸುಮಾರು ನಾಲ್ಕು ಗಂಟೆಯ ದಾರಿ. ಇಲ್ಲಿ ನನಗಾದದ್ದನ್ನು ಹೇಳಲೇಬೇಕು. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಅದೇ ಬೆಳಿಗ್ಗೆ ವಿಮಾನ ಹಿಡಿಯುವ ಲೆಕ್ಕ ಹಾಕಿದ್ದೆ. ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತಿತು. ಬದಲಿ ಬಸ್ಸು ಬರುವಾಗ ಮೂರು ಗಂಟೆ ಕಳೆದಿತ್ತು. ಅಮ್ಮ ಆ ಕತ್ತಲಲ್ಲಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತದ್ದು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಚೆಕ್ ಇನ್ ಮುಚ್ಚುವ ಹತ್ತು ನಿಮಿಷ ಮೊದಲು ಮುಟ್ಟಿದೆವು. ದಯವಿಟ್ಟು ಹಾಗೆ ಮಾಡಬೇಡಿ. ಒಂದು ದಿನ ಮೊದಲೇ ಬೆಂಗಳೂರು ಸೇರಿ. ಮಳೆಗಾಲದಲ್ಲಂತೂ ಶಿರಾಡಿ ಘಾಟಿಯನ್ನು ನಂಬಿ ವಿಮಾನದ ಟಿಕೆಟ್ ಮಾಡಲೇಬಾರದು.

ಸಣ್ಣ ಸಣ್ಣ ವಿಷಯ: ಅಲ್ಲಿಯ ಪ್ಲಗ್ಗು ಚಪ್ಪಟೆ ಮೂರು ಕಡ್ಡಿಯದ್ದು, ನಮ್ಮ ಚಾರ್ಜರ್‌ಗೆ ಅಡಾಪ್ಟರ್ ಬೇಕು. ಗಡಿಯಾರ ಎರಡೂವರೆ ಗಂಟೆ ಮುಂದೆ. ಅಲ್ಲಿಯ ದುಡ್ಡು ರಿಂಗಿಟ್. ನಾವು ಹೋದಾಗ ಒಂದು ರಿಂಗಿಟ್ಟಿಗೆ 20 ರೂಪಾಯಿ ಆಸುಪಾಸು ಅಂತ ಲೆಕ್ಕ ಇಟ್ಟುಕೊಂಡಿದ್ದೆವು, ತಲೆ ಬಿಸಿ ಇರಲಿಲ್ಲ. ಬೀದಿ ಅಂಗಡಿಗೆ ನಗದು ಬೇಕು. ಉಪ್ಪಿನಕಾಯಿ ಡಬ್ಬಿಯನ್ನು ಕೈಚೀಲದಲ್ಲಿ ಇಡಬೇಡಿ, ದೊಡ್ಡ ಪೆಟ್ಟಿಗೆಗೆ ಹಾಕಿ.

ಸಮುದ್ರದ ಕಡೆಯಿಂದ ಊರು ಸೇರಿ

ಕ್ವಾಲಾಲಂಪುರದಿಂದ ಪೆನಾಂಗ್‌ಗೆ ಒಂದು ಗಂಟೆಯ ವಿಮಾನ ಉಂಟು. ಆದರೂ ನೀವು ರೈಲಿನಲ್ಲಿ ಹೋಗಿ. ನಾವು ಒಂದು ರಾತ್ರಿ ಕ್ವಾಲಾಲಂಪುರದಲ್ಲಿ ಮಲಗಿ, ಮರುದಿನ ಕೆಎಲ್ ಸೆಂಟ್ರಲ್ ನಿಲ್ದಾಣದಿಂದ ಇಟಿಎಸ್ ಎಂಬ ವೇಗದ ರೈಲು ಹತ್ತಿದೆವು. ಸುಮಾರು ನಾಲ್ಕು ಗಂಟೆಯಲ್ಲಿ ಬಟರ್‌ವರ್ತ್ ಬಂತು. ನಿಲ್ದಾಣದಿಂದ ಮೇಲ್ಸೇತುವೆಯಲ್ಲಿ ನಡೆದರೆ ದೋಣಿಕಟ್ಟೆ. ಅಲ್ಲಿಂದ ದ್ವೀಪಕ್ಕೆ ಫೆರಿ. ದಾಟಲು ಕಾಲು ಗಂಟೆ, ಇಪ್ಪತ್ತು ನಿಮಿಷ.

ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿದವರಿಗೆ ಆ ಖುಷಿ ಗೊತ್ತು ಅಲ್ವಾ? ಇದು ಅದರ ದೊಡ್ಡ ರೂಪ. ಎದುರಿಗೆ ಕೊಮ್ತಾರ್ ಎಂಬ ದುಂಡು ಗೋಪುರ, ಅದರ ಹಿಂದೆ ಹಸಿರು ಗುಡ್ಡ, ಎಡಗಡೆ ದೂರದಲ್ಲಿ 13.5 ಕಿಲೋಮೀಟರ್ ಉದ್ದದ ಸೇತುವೆ. ಅಮ್ಮ ಕಂಬಿ ಹಿಡಿದು ನಿಂತವರು ಕೂರಲೇ ಇಲ್ಲ. ವಿಮಾನದಲ್ಲಿ ಹೋದರೆ ಊರಿನ ಬೆನ್ನಿನ ಕಡೆ ಇಳಿದ ಹಾಗೆ. ಹಳೇ ಬಂದರಿನ ಊರನ್ನು ನೀರಿನ ಕಡೆಯಿಂದಲೇ ನೋಡಬೇಕು. ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಲೈಟ್ ಇಲ್ಲಿ ಇಳಿದು ಬ್ರಿಟಿಷ್ ಬಾವುಟ ನೆಟ್ಟದ್ದು 1786ರಲ್ಲಿ. ಅದೇ ಕಂಪನಿ ಟಿಪ್ಪುವಿನ ಜೊತೆ ಮಂಗಳೂರು ಒಪ್ಪಂದ ಮಾಡಿಕೊಂಡು ಎರಡು ವರ್ಷ ಆಗಿತ್ತು ಅಷ್ಟೆ. ಊರಿಗೆ ಜಾರ್ಜ್‌ಟೌನ್ ಅಂತ ಹೆಸರಿಟ್ಟದ್ದು ಅವರ ರಾಜ ಮೂರನೇ ಜಾರ್ಜ್‌ನ ನೆನಪಿಗೆ.

ಉಳಿಯುವುದಾದರೆ ಜಾರ್ಜ್‌ಟೌನ್‌ನ ಹಳೇ ಪೇಟೆಯಲ್ಲೇ ಉಳಿಯಿರಿ. 2008ರಲ್ಲಿ ಯುನೆಸ್ಕೊ ಈ ಊರನ್ನು ಮಲೇಷ್ಯಾದ ಇನ್ನೊಂದು ಹಳೇ ಬಂದರು ಮೆಲಾಕಾ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಾಲು ಸಾಲು ಹಳೇ ಮನೆಗಳು: ಕೆಳಗೆ ಅಂಗಡಿ, ಮೇಲೆ ವಾಸ. ಮುಖ ಸಪುರ, ಒಳಗೆ ಹೋದಷ್ಟೂ ಉದ್ದ. ಈಗ ಅನೇಕ ಮನೆಗಳು ವಸತಿಗೃಹಗಳಾಗಿವೆ. ನೋಡಲು ಚಂದ. ಆದರೆ ಲಿಫ್ಟ್ ಇರುವುದು ಕಡಿಮೆ, ಮರದ ಮೆಟ್ಟಿಲು ಕಡಿದು. ನಾನು ‘ನೆಲಮಹಡಿ ಬೇಕು’ ಅಂತ ಬರೆದು ಕಳಿಸಿದ್ದೆ, ಆಗಲಿ ಅಂದಿದ್ದರು. ಹೋದಾಗ ಕೊಟ್ಟದ್ದು ಮೂರನೇ ಮಹಡಿ. ಎರಡು ದಿನ ಅಮ್ಮ ಮೆಟ್ಟಿಲಿನಲ್ಲಿ ಕೂತು ಕೂತು ಇಳಿದರು. ಮೂರನೇ ದಿನ ನಾನು ಜಾಗ ಬದಲಿಸಿದೆ. ಮೊದಲ ದಿನವೇ ಬದಲಿಸಬೇಕಿತ್ತು. ಬರೆದು ಕೇಳಿದರೆ ಸಾಲದು, ಹೊರಡುವ ಹಿಂದಿನ ದಿನ ಫೋನ್ ಮಾಡಿ ರೂಮಿನ ನಂಬರ್ ಕೇಳಿ.

ಬೆಳಿಗ್ಗೆ ನಡೆಯಿರಿ, ಮಧ್ಯಾಹ್ನ ಮಲಗಿ

ಏಳಕ್ಕೆ ಹೊರಟು ಹತ್ತೂವರೆಗೆ ರೂಮಿಗೆ ಬರುವುದು, ಮತ್ತೆ ಸಂಜೆ ನಾಲ್ಕೂವರೆಗೆ ಹೊರಡುವುದು. ನಮ್ಮ ಕರಾವಳಿಯ ಮೈಗೆ ಒಗ್ಗುವ ಕ್ರಮ ಅದೇ. ಅಂಗಡಿ ಮನೆಗಳ ಮುಂದೆ ಐದಡಿ ಅಗಲದ ಮಾಡಿನ ದಾರಿ ಇರುತ್ತದೆ. ‘ಕಾಕಿ ಲೀಮಾ’ ಅಂತಾರೆ, ಐದು ಅಡಿ ಅಂತಲೇ ಅರ್ಥ. ಬಿಸಿಲಿಗೂ ಮಳೆಗೂ ಅದೇ ಆಸರೆ. ಒಂದೇ ಎಚ್ಚರಿಕೆ: ಒಂದು ಮನೆಯ ಜಗಲಿ ಇದ್ದಷ್ಟು ಎತ್ತರ ಪಕ್ಕದ ಮನೆಯದ್ದಿಲ್ಲ. ನಡುವೆ ಬೈಕ್ ನಿಲ್ಲಿಸಿರುತ್ತಾರೆ. ಬದಿಯಲ್ಲಿ ಆಳದ ಚರಂಡಿ. ಹಿರಿಯರ ಕೈ ಹಿಡಿದುಕೊಳ್ಳಿ.

ಮೊದಲ ಬೆಳಿಗ್ಗೆ ಕಪಿತಾನ್ ಕೆಲಿಂಗ್ ಮಸೀದಿಯ ರಸ್ತೆಯಲ್ಲಿ ನಡೆಯಿರಿ. ಒಂದು ತುದಿಯಲ್ಲಿ 1818ರ ಸೇಂಟ್ ಜಾರ್ಜ್ ಚರ್ಚು, ಸ್ವಲ್ಪ ಮುಂದೆ ಚೀನೀಯರ ಕರುಣೆಯ ದೇವಿ ಕ್ವಾನ್ ಯಿನ್ ಗುಡಿ, ಪಕ್ಕದ ಬೀದಿಗೆ ಮುಖ ಮಾಡಿದ ಮಾರಿಯಮ್ಮ ದೇವಸ್ಥಾನ, ಆಮೇಲೆ ತಮಿಳು ಮುಸ್ಲಿಮರು ಕಟ್ಟಿದ ಮಸೀದಿ. ಕ್ವಾನ್ ಯಿನ್ ಗುಡಿಯ ಅಂಗಳದಲ್ಲಿ ತೋಳು ದಪ್ಪದ ಊದುಬತ್ತಿ ಉರಿಯುತ್ತಿತ್ತು. ಮಾರಿಯಮ್ಮನ ಗುಡಿ 1833ರದ್ದು, ಪೆನಾಂಗ್‌ನ ಅತಿ ಹಳೇ ಹಿಂದೂ ದೇವಸ್ಥಾನ. ನಾವು ಹೋದಾಗ ಬೆಳಗಿನ ಪೂಜೆ ನಡೆಯುತ್ತಿತ್ತು. ಅರ್ಚಕರು ತಮಿಳಿನಲ್ಲಿ ಊರು ಕೇಳಿದರು. ಅಮ್ಮ ತುಳುವಿನಲ್ಲೇ ಉತ್ತರ ಕೊಟ್ಟರು. ಇಬ್ಬರಿಗೂ ಅರ್ಥವಾಯಿತು.

ಚ್ಯೂ ಜೆಟ್ಟಿಗೆ ಸಂಜೆ ಹೋಗಿ. ಸಮುದ್ರದ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಮನೆಗಳ ಕೇರಿ ಅದು. ಒಂದೊಂದು ಜೆಟ್ಟಿ ಒಂದೊಂದು ಚೀನೀ ಕುಟುಂಬದ ಹೆಸರಿನದ್ದು: ಚ್ಯೂ, ಲಿಮ್, ಟಾನ್, ಲೀ. ಬಾಗಿಲ ಬಳಿ ಕೆಂಪು ದೇವರ ಗೂಡು, ಒಳಗೆ ಟಿವಿ ನೋಡುವ ಅಜ್ಜಂದಿರು. ನಮ್ಮ ಮಂಗಳೂರಿನ ಮೀನುಗಾರರ ಕೇರಿ ಬೆಂಗ್ರೆಯಲ್ಲಿ ಯಾರೋ ಬಂದು ನಿಮ್ಮ ಕಿಟಕಿಯ ಫೋಟೋ ತೆಗೆದರೆ ಹೇಗನಿಸುತ್ತದೆ ಅಂತ ಯೋಚಿಸಿ, ಕ್ಯಾಮೆರಾ ಒಳಗಿಡಿ. ಕತ್ತಲಾದ ಮೇಲೆ ನಿಲ್ಲಬೇಡಿ.

ಆರ್ಮೇನಿಯನ್ ಬೀದಿಯಲ್ಲಿ ಸೈಕಲ್ ಮೇಲೆ ಕೂತ ಇಬ್ಬರು ಮಕ್ಕಳ ಗೋಡೆಚಿತ್ರ ಉಂಟು, 2012ರದ್ದು. ನಿಜವಾದ ಸೈಕಲ್ಲನ್ನೇ ಗೋಡೆಗೆ ಸೇರಿಸಿದ್ದಾರೆ. ಫೋಟೋಗೆ ಸರದಿ ಸಾಲು. ದಾರಿಯಲ್ಲಿ ಸಿಕ್ಕಿದರೆ ನೋಡಿ, ಹುಡುಕಿಕೊಂಡು ಹೋಗಬೇಕಾಗಿಲ್ಲ.

ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ

ಇದನ್ನೇ ಎಲ್ಲರೂ ಜಾಸ್ತಿ ಕೇಳುವುದು. ಪೆನಾಂಗ್ ಊಟಕ್ಕೆ ಹೆಸರಾದ ಊರು. ಆದರೆ ಬೀದಿಯ ಅಡುಗೆಯಲ್ಲಿ ‘ಬೆಲಚಾನ್’ ಅಂತ ಒಣ ಸಿಗಡಿಯ ಗಟ್ಟಿ ಹಾಕುತ್ತಾರೆ. ಸೊಪ್ಪಿನ ಪಲ್ಯದಲ್ಲೂ ಇರುತ್ತದೆ. ‘ಮಾಂಸ ಬೇಡ’ ಅಂದರೆ ಸಾಲದು. ಈ ಪದಗಳನ್ನು ಬಾಯಿಪಾಠ ಮಾಡಿ: ‘ತಾಕ್ ಮಾವು’ ಅಂದರೆ ಬೇಡ. ‘ಇಕಾನ್’ ಮೀನು, ‘ಉದಾಂಗ್’ ಸಿಗಡಿ, ‘ತೆಲೂರ್’ ಮೊಟ್ಟೆ, ‘ಬಾವಾಂಗ್’ ಈರುಳ್ಳಿ, ‘ಬಾವಾಂಗ್ ಪುತಿಹ್’ ಬೆಳ್ಳುಳ್ಳಿ. ಬೇಡದ್ದರ ಹೆಸರಿಗೆ ಮೊದಲು ‘ತಾಕ್ ಮಾವು’ ಸೇರಿಸಿದರೆ ಆಯಿತು.

ಹಳೇ ಪೇಟೆಯ ಭಾರತೀಯರ ಕೇರಿ ಲಿಟ್ಲ್ ಇಂಡಿಯಾದಲ್ಲಿ ಇಡ್ಲಿ, ದೋಸೆ, ಬಾಳೆಲೆ ಊಟ ಎಲ್ಲ ಸಿಗುತ್ತದೆ. ಆದರೆ ಸಾಂಬಾರಿಗೆ ಈರುಳ್ಳಿ ಬಿದ್ದೇ ಬೀಳುತ್ತದೆ. ಮೊದಲ ದಿನ ಅಮ್ಮ ಮೊಸರನ್ನ, ನಾವು ಒಯ್ದ ಮಿಡಿ ಉಪ್ಪಿನಕಾಯಿ ಅಷ್ಟೇ ಉಂಡರು. ನನಗೆ ಅಳು ಬಂದ ಹಾಗಾಯಿತು.

ಮರುದಿನ ದಾರಿ ತೋರಿಸಿದವರು ಬೀದಿ ಮೂಲೆಯ ಹಣ್ಣಿನಂಗಡಿಯ ಚೀನೀ ಹೆಂಗಸು. ಅಲ್ಲಿಯ ಬೌದ್ಧ ಚೀನೀಯರಲ್ಲಿ ವ್ರತದ ಅಡುಗೆ ಅಂತ ಉಂಟು. ಅದರಲ್ಲಿ ಮೀನು ಮಾಂಸ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ಚಾಂದ್ರಮಾನ ತಿಂಗಳ ಮೊದಲನೇ ದಿನ ಮತ್ತು 15ನೇ ದಿನ ಅನೇಕರು ಇದನ್ನೇ ಉಣ್ಣುತ್ತಾರೆ. ನಮ್ಮಲ್ಲಿ ಏಕಾದಶಿ ಹಿಡಿದ ಹಾಗೆ. ಅಲ್ಲಿಯ ಹೊಕ್ಕಿಯನ್ ಮಾತಿನಲ್ಲಿ ಸಸ್ಯಾಹಾರ ಉಣ್ಣುವುದಕ್ಕೆ ‘ಚ್ಯಾಕ್ ಚಾಯ್’ ಅಂತಾರೆ. ನಾನು ಅಷ್ಟು ಹೇಳಿ ಅಮ್ಮನ ಕಡೆ ಕೈ ತೋರಿಸಿದರೆ ಸಾಕು, ಅಂಗಡಿಯವರು ತಲೆಯಾಡಿಸಿ ಕರೆಯುತ್ತಿದ್ದರು. ದೊಡ್ಡ ತಟ್ಟೆಗಳಲ್ಲಿ ಹತ್ತಿಪ್ಪತ್ತು ಬಗೆ ಇಟ್ಟಿರುತ್ತಾರೆ. ಅನ್ನ ಹಾಕಿಸಿಕೊಂಡು ಬೇಕಾದ್ದು ಬಡಿಸಿಕೊಂಡರೆ, ತಟ್ಟೆ ನೋಡಿ ದುಡ್ಡು ಹೇಳುತ್ತಾರೆ. ಕುಂಬಳಕಾಯಿ, ಬೆಂಡೆ, ಹಾಗಲ, ತೋಫು. ಅಮ್ಮನಿಗೆ ಬಹಳ ಹಿಡಿಸಿದ್ದು ಎಲೆಕೋಸು ಮತ್ತು ಅಣಬೆಯ ತಿಳಿ. ಉಡುಪಿ ಮಠದ ಊಟದ ಸಾರಿನ ಹಾಗೆ ಹಗುರ ಅಂದರು.

ಎರಡು ಮಾತು ಮೊದಲೇ ತಿಳಿಸಿ. ಸೋಯಾ ಮತ್ತು ಗೋಧಿಯಲ್ಲಿ ಮೀನಿನ, ಬಾತುಕೋಳಿಯ ಆಕಾರ ಮಾಡಿ ಇಟ್ಟಿರುತ್ತಾರೆ. ಹಿರಿಯರು ಗಾಬರಿಯಾಗುತ್ತಾರೆ. ಕೆಲವು ಕಡೆ ಮೊಟ್ಟೆ ಹಾಕುತ್ತಾರೆ, ‘ತೆಲೂರ್?’ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ.

ತಿಂಡಿಗೆ ತೊಂದರೆಯೇ ಇಲ್ಲ. ‘ಪುಟು ಮಾಯಂ’ ಅಂದರೆ ನಮ್ಮ ಒತ್ತು ಶ್ಯಾವಿಗೆ. ತೆಂಗಿನ ತುರಿ, ಕಂದು ಸಕ್ಕರೆ ಹಾಕಿ ಕಾಗದದಲ್ಲಿ ಕಟ್ಟಿ ಕೊಡುತ್ತಾರೆ. ‘ಅಪೋಮ್’ ಅಂದರೆ ಅಪ್ಪಂ. ‘ಚೆಂಡೋಲ್’ ಕುಡಿಯದೆ ಬರಬೇಡಿ. ಅಕ್ಕಿ ಹಿಟ್ಟಿನ ಹಸಿರು ಎಳೆಗಳು, ತೆಂಗಿನ ಹಾಲು, ತಾಳೆಯ ಬೆಲ್ಲ, ಮೇಲೆ ಪುಡಿ ಐಸು. ಹಸಿರು ಬಣ್ಣ ಕೇದಗೆ ಜಾತಿಯ ಪಾಂಡನ್ ಎಲೆಯದ್ದು. ಶ್ಯಾವಿಗೆಗೆ ಕಾಯಿಹಾಲು ಹಾಕಿ ಉಂಡು ಬೆಳೆದವರು ನಾವು. ಒಂದು ಚಮಚ ಬಾಯಿಗಿಟ್ಟ ಕೂಡಲೇ ನಾಲಿಗೆಗೆ ಗುರುತು ಸಿಗುತ್ತದೆ. ಮೇಲೆ ಬೇಯಿಸಿದ ಕೆಂಪು ಕಾಳು ಹಾಕುತ್ತಾರೆ, ಅದೊಂದು ನನಗೆ ಸೇರಲಿಲ್ಲ. ಚಹಾಕ್ಕೆ ಸಕ್ಕರೆ ಜಾಸ್ತಿ. ‘ಕುರಾಂಗ್ ಮಾನಿಸ್’ ಅಂದರೆ ಸಿಹಿ ಕಮ್ಮಿ. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಮರೆಯಬೇಡಿ.

ಗುಡ್ಡ, ಹಾವು, ಬಸ್ಸು

ಹಳೇ ಪೇಟೆಯೊಳಗೆ ಸುತ್ತುವ ಪುಕ್ಕಟೆ ಬಸ್ಸು ಉಂಟು, ಕ್ಯಾಟ್ ಅಂತ ಹೆಸರು. ದೂರಕ್ಕೆ ರ್‍ಯಾಪಿಡ್ ಪೆನಾಂಗ್ ಬಸ್ಸು. ಚಿಲ್ಲರೆ ಸರಿಯಾಗಿ ಇಟ್ಟುಕೊಳ್ಳಿ, ಬಾಕಿ ಕೊಡುವುದಿಲ್ಲ. ಅಮ್ಮ ಸುಸ್ತಾದಾಗ ಮೊಬೈಲಿನ ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆದೆ.

204 ನಂಬರಿನ ಬಸ್ಸು ಪೆನಾಂಗ್ ಗುಡ್ಡದ ಬುಡಕ್ಕೆ ಹೋಗುತ್ತದೆ. ಅಲ್ಲಿಂದ ಹಗ್ಗದಿಂದ ಎಳೆಯುವ ರೈಲು. 1923ರಲ್ಲಿ ಶುರುವಾದದ್ದು, ಈಗಿನ ಗಾಡಿ 2011ರದ್ದು. ಮೇಲೆ ಆಗುಂಬೆಗಿಂತ ತುಸು ಎತ್ತರ, ಗಾಳಿ ತಂಪು. ವಾರದ ಮಧ್ಯೆ, ಬೆಳಿಗ್ಗೆ ಬೇಗ ಹೋಗಿ. ಶನಿವಾರ ಭಾನುವಾರ ಸಾಲಿನಲ್ಲೇ ದಿನ ಕಳೆಯುತ್ತದೆ. ಅದೇ ದಾರಿಯಲ್ಲಿ ಕೆಕ್ ಲೊಕ್ ಸಿ ಬೌದ್ಧ ದೇವಾಲಯ. ಅಲ್ಲಿಯ ಕಂಚಿನ ಕ್ವಾನ್ ಯಿನ್ 30.2 ಮೀಟರ್ ಎತ್ತರ. ಕಾರ್ಕಳದ ಗೊಮ್ಮಟ 42 ಅಡಿ, ಇದು ಅದರ ಎರಡು ಪಟ್ಟಿಗಿಂತ ಎತ್ತರ. ಮೆಟ್ಟಿಲು ಬಹಳ. ಮೇಲಕ್ಕೆ ಓರೆ ಲಿಫ್ಟ್ ಇದೆ, ಹಿರಿಯರಿಗೆ ಅದೇ ಸರಿ. ಗುಡ್ಡ ಮತ್ತು ದೇವಾಲಯ ಎರಡನ್ನೂ ಒಂದೇ ದಿನ ಮಾಡಬೇಡಿ. ನಾವು ಮಾಡಿದೆವು, ಮರುದಿನ ಅಮ್ಮನಿಗೆ ಏಳಲಾಗಲಿಲ್ಲ.

ತುಳುನಾಡಿನವರು ಬಿಡಬಾರದ ಜಾಗ ಇನ್ನೊಂದು ಉಂಟು. ವಿಮಾನ ನಿಲ್ದಾಣದ ಕಡೆ, ಬಾಯಾನ್ ಲೆಪಾಸ್‌ನಲ್ಲಿ ಹಾವಿನ ಗುಡಿ. 19ನೇ ಶತಮಾನದ್ದು. ವೈದ್ಯ ಗುಣವಿದ್ದ ಒಬ್ಬ ಸನ್ಯಾಸಿಯ ಹೆಸರಿನಲ್ಲಿ ಕಟ್ಟಿದ್ದು. ಅವರು ಹಾವುಗಳಿಗೆ ಆಸರೆ ಕೊಟ್ಟವರು ಅಂತ ಪ್ರತೀತಿ. ಕೊಂಬೆಗಳ ಮೇಲೆ ಹಸಿರು ಹಳದಿ ಪಟ್ಟೆಯ ಗುಳಿಮಂಡಲ ಹಾವುಗಳು ಅಲುಗಾಡದೆ ಸುರುಳಿ ಸುತ್ತಿ ಕೂತಿರುತ್ತವೆ. ಪೀಠದ ಬಳಿ ಮೊಟ್ಟೆ ಇಡುತ್ತಾರೆ. ಅಮ್ಮ ಚಪ್ಪಲಿ ಹೊರಗಿಟ್ಟು, ನಾಗಬನದ ಮುಂದೆ ನಿಂತ ಹಾಗೆ ಕಣ್ಣು ಮುಚ್ಚಿ ಕೈ ಮುಗಿದರು. ಹಾವು ವಿಷದ್ದೇ, ಮುಟ್ಟಬೇಡಿ, ಹತ್ತಿರ ಬಗ್ಗಬೇಡಿ.

ಅಡಿಕೆ ಸಿಕ್ಕಿತಾ?

ಮೂರು ದಿನ ಅಮ್ಮ ಅಡಿಕೆ ಮರ ಹುಡುಕಿದರು. ಪೇಟೆಯಲ್ಲಿ ಕಾಣಲೇ ಇಲ್ಲ. ನಾಲ್ಕನೇ ದಿನ ಕಾರು ಮಾಡಿಕೊಂಡು ದ್ವೀಪದ ಹಿಂಬದಿಯ ಬಾಲಿಕ್ ಪುಲಾವ್ ಹಳ್ಳಿಗೆ ಹೋದೆವು. ನಿಮಗೆ ಒಂದೇ ದಿನ ಇದ್ದರೂ ಅಲ್ಲಿಗೆ ಹೋಗಿ ಅನ್ನುತ್ತೇನೆ ನಾನು. ಡುರಿಯನ್, ಜಾಯಿಕಾಯಿ, ರಂಬುಟಾನ್, ಮ್ಯಾಂಗೋಸ್ಟೀನ್ ತೋಟಗಳು. ಮ್ಯಾಂಗೋಸ್ಟೀನ್ ನಮ್ಮ ಪುನರ್ಪುಳಿಯ (ಕೋಕಂ) ಬಳಗದ್ದೇ. ಒಂದು ಮನೆಯ ಅಂಗಳದ ಬದಿಯಲ್ಲಿ ನಾಲ್ಕು ಮರ ನೆಟ್ಟಗೆ ನಿಂತಿದ್ದವು. ‘ಉಂದು ನಮ್ಮ ಕಂಗ್ ಅತ್ತಾ?’ ಅಂದರು ಅಮ್ಮ ತುಳುವಿನಲ್ಲಿ, ಇದು ನಮ್ಮ ಅಡಿಕೆ ಮರ ಅಲ್ವಾ ಅಂತ. ಕಾರು ನಿಲ್ಲಿಸಿ ಇಳಿದು ಹೋಗಿ ಕಾಂಡ ತಟ್ಟಿ ನೋಡಿದರು. ಗೊನೆ ಸಣ್ಣದು, ಆರೈಕೆ ಇಲ್ಲ ಅಂತ ಮರುಗಿದರು.

ಆ ಮನೆಯ ಮಲಯ ಹೆಂಗಸು ಹೊರಗೆ ಬಂದರು. ನಮ್ಮ ಚಾಲಕ ನಡುವೆ ನಿಂತು ಮಾತು ದಾಟಿಸಿದ. ಈಗ ಯಾರೂ ಹೆಚ್ಚು ಮೆಲ್ಲುವುದಿಲ್ಲವಂತೆ, ಮದುವೆಯ ತಟ್ಟೆಗೆ ಬೇಕಂತೆ. ಮಲಯದಲ್ಲಿ ಹೆಣ್ಣು ಕೇಳುವುದಕ್ಕೆ ‘ಮೆಮಿನಾಂಗ್’ ಅನ್ನುತ್ತಾರೆ. ಅದು ಪಿನಾಂಗ್‌ನಿಂದ, ಅಂದರೆ ಅಡಿಕೆಯಿಂದಲೇ ಬಂದ ಮಾತು. ಚೆನ್ನಾಗಿ ಹೊಂದುವ ಜೋಡಿಗೆ ‘ಎರಡು ಹೋಳು ಮಾಡಿದ ಅಡಿಕೆಯ ಹಾಗೆ’ ಅಂತಾರೆ. ನಮ್ಮಲ್ಲೂ ನಿಶ್ಚಿತಾರ್ಥಕ್ಕೆ ತಾಂಬೂಲ ಬದಲಿಸುವುದಲ್ವಾ? ಅಮ್ಮ ಅದನ್ನು ಕೇಳಿ ಆ ಹೆಂಗಸಿನ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತು ಬಿಡಲೇ ಇಲ್ಲ.

ಆ ಭಾಷೆಗೂ ಸ್ವಲ್ಪ ಕಿವಿ ಕೊಡಿ. ಭಾಷೆಗೆ ‘ಬಹಾಸ’, ಹೆಸರಿಗೆ ‘ನಾಮ’, ಮುಖಕ್ಕೆ ‘ಮುಕ’, ಉಪವಾಸಕ್ಕೆ ‘ಪುವಾಸ’, ಗಂಡನಿಗೆ ‘ಸುವಾಮಿ’. ಹಿರಿಯರಿಗೆ ಇಂಥ ನಾಲ್ಕು ಪದ ಹೇಳಿಕೊಟ್ಟರೆ ಬಸ್ಸಿನಲ್ಲಿ ಕೂತು ತಾವೇ ಹುಡುಕಲು ಶುರು ಮಾಡುತ್ತಾರೆ.

ಬರುವಾಗ ಗಿಡ, ಬೀಜ ತರಬೇಡಿ. ತೋಟದವರಿಗೆ ಆಸೆ ಆಗುತ್ತದೆ, ನನಗೆ ಗೊತ್ತು. ಅನುಮತಿ ಇಲ್ಲದೆ ತರುವುದು ಕಾನೂನಿಗೆ ವಿರುದ್ಧ, ಜೊತೆಗೆ ರೋಗವೂ ಬರಬಹುದು. ಅಡಿಕೆಗೆ ಈಗಿರುವ ರೋಗಗಳೇ ಸಾಕು. ಡುರಿಯನ್ ಹಣ್ಣನ್ನು ಅದರ ವಾಸನೆಗೆ ಹೋಟೆಲಿನೊಳಗೂ ಬಿಡುವುದಿಲ್ಲ. ತರುವುದಾದರೆ ಜಾಯಿಕಾಯಿಯ ತಿನಿಸು ತನ್ನಿ. ಅಲ್ಲಿ ಅದಕ್ಕೆ ‘ಪಾಲ’ ಅಂತಾರೆ. ನಾವು ಬೀಜ, ಪತ್ರೆ ತೆಗೆದು ಹೊರಗಿನ ದಪ್ಪ ಸಿಪ್ಪೆಯನ್ನು ತೋಟದಲ್ಲೇ ಬಿಸಾಡುತ್ತಿದ್ದೆವು. ಅವರು ಅದನ್ನೇ ಸಕ್ಕರೆಯಲ್ಲಿ ಹಾಕಿ ಒಣಗಿಸುತ್ತಾರೆ, ಶರಬತ್ತು ಮಾಡುತ್ತಾರೆ. ಬಾಲಿಕ್ ಪುಲಾವ್‌ನ ಅಂಗಡಿಯಲ್ಲಿ ಅಮ್ಮ ಎರಡು ಲೋಟ ಕುಡಿದು, ಹೇಗೆ ಮಾಡುವುದು ಅಂತ ಸನ್ನೆಯಲ್ಲೇ ಕೇಳಿ ತಿಳಿದುಕೊಂಡರು. ಈ ಸಲ ಜುಲೈಯಲ್ಲಿ ನಮ್ಮ ತೋಟದ ಜಾಯಿಕಾಯಿ ಬಿದ್ದಾಗ ಮಾಡಿದರು. ಮೇಲಿನ ತೆಳು ತೊಗಟೆ ಹೆರೆದು, ತಿರುಳನ್ನು ಸಣ್ಣಗೆ ಹೆಚ್ಚಿ, ಒಗರು ಹೋಗಲು ಉಪ್ಪು ನೀರಿನಲ್ಲಿ ಒಂದು ರಾತ್ರಿ ಇಟ್ಟು, ಮರುದಿನ ಸಕ್ಕರೆ ಹಾಕಿ ಕುದಿಸಿ ಸೋಸುವುದು. ಮೊದಲ ಸಲ ಕಹಿಯಾಯಿತು. ಎರಡನೇ ಸಲ ಉಪ್ಪು ನೀರನ್ನು ಎರಡು ಬಾರಿ ಬದಲಿಸಿದರು, ಸರಿ ಬಂತು. ಈಗ ಮನೆಗೆ ಬಂದವರಿಗೆಲ್ಲ ಪುನರ್ಪುಳಿ ಶರಬತ್ತಿನ ಬದಲು ಅದನ್ನೇ ಕೊಡುತ್ತಾರೆ.